ಹೆಸರು ಬರೆಯದ ಗಂಟು

ಚನ್ನಗಿರಿ
6-5-1985

ಪ್ರೀತಿಯ ರೋಶನ್,

ಉತ್ತರಪತ್ರಿಕೆಗಳ ಕಟ್ಟು ನಿನ್ನೆಗೆ ಮುಗಿಯಿತು. ಕಾಲೇಜಿಗೆ ರಜೆ. ಮಧ್ಯಾಹ್ನದ ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಕವಿತೆ ಓದುತ್ತಾ ಕೂರುತ್ತೇನೆ, ನಾಲ್ಕು ಸಾಲಿಗೆ ಕಣ್ಣು ಮುಚ್ಚುತ್ತದೆ. ಮನೆಯೊಳಗೆ ಒಂದು ದನಿಯಿದ್ದರೆ ಚೆನ್ನಾಗಿತ್ತು ಅನ್ನಿಸಿದಾಗ ಅಪ್ಪನ ಟ್ರಾನ್ಸಿಸ್ಟರ್ ನೆನಪಾಯಿತು. ಯುಗಾದಿಗೆ ನ್ಯಾಮತಿಗೆ ಬಂದಾಗ ಕರೀಮನ ಅಂಗಡಿಯಲ್ಲಿ ಬಿಟ್ಟು ಬಂದಿದ್ದೆನಲ್ಲ, ನಿನ್ನ ಮಗ ಅದನ್ನು ಬಿಚ್ಚಿದನೋ, ಇನ್ನೂ ಕಪಾಟಿನ ಮೇಲೇ ಇದೆಯೋ? ಅಪ್ಪ ಹೋದ ಮೇಲೆ ಅವರ ದನಿಯ ಪೈಕಿ ನನಗೆ ಉಳಿದಿರುವುದು ಆ ಪೆಟ್ಟಿಗೆಯ ಗೊರಗೊರ ಒಂದೇ. ಸರಿಹೋಗಿದ್ದರೆ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸು. ಯಾವಾಗಲಿನಂತೆ ಕಂಡಕ್ಟರ್ ಮರುಳಪ್ಪನಿಗೆ ಬಾಯಲ್ಲಿ ಹೇಳಿದರೆ ಸಾಕು. ಹನ್ನೊಂದಕ್ಕೆ ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಒಂದು ಮಾತು. ಗಂಟಿನ ಮೇಲೆ ನನ್ನ ಹೆಸರು, ವಿಳಾಸ ಏನೂ ಬರೆಯಬೇಡ. ಹೋದ ಸಲ ನೀನು ಹಾಗೆ ಬರೆದು ಕಳಿಸಿದ್ದನ್ನು ಮರುಳಪ್ಪ ಫುಟ್‌ಬೋರ್ಡಿನ ಮೇಲೆ ನಿಂತು "ಸರ್ವಮಂಗಳಮ್ಮಾ, ನಿಮ್ಮ ಉಪ್ಪಿನಕಾಯಿ ಬಂದೈತ್ರೀ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಓದಿದ. ಅಲ್ಲಿ ನನ್ನ ವಿದ್ಯಾರ್ಥಿಗಳಿದ್ದರು. ಆಮೇಲೆ ಒಂದು ತಿಂಗಳು ನನಗೆ ಕ್ಲಾಸಿನಲ್ಲಿ ಏನು ಹೆಸರಿತ್ತೋ ನೀನೇ ಊಹಿಸು.

ನಿನ್ನ ಯಜಮಾನರು ಖಾಜಾಸಾಬರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಸರ್ವಮಂಗಳಾ

*

ನ್ಯಾಮತಿ
10-5-1985

ಮಂಗಳಾ,

ಕಾಗದ ನಿನ್ನೆ ಬಂತು. ನಿನ್ನ ರೇಡಿಯೋ ತಯಾರಾಗಿ ನಾಲ್ಕು ದಿನವಾಯಿತು. ಮುಳ್ಳು ಓಡಿಸುವ ದಾರ ಹರಿದಿತ್ತಂತೆ, ಹೊಸದು ಹಾಕಿದ್ದಾನೆ. ಸೆಲ್ಲುಗಳನ್ನೂ ಹೊಸದಾಗಿ ಹಾಕಿದ್ದಾನೆ, ನೀನು ಸ್ಟ್ಯಾಂಡಿನಲ್ಲಿ ಕೈಗೆ ತೆಗೆದುಕೊಂಡ ಕೂಡಲೇ ತಿರುಗಿಸಿ ನೋಡಬಹುದು ಎಂದು. ಭದ್ರಾವತಿ ಸ್ಟೇಷನ್ ಈಗ ಪಕ್ಕದ ಮನೆಯವರು ಮಾತಾಡಿದ ಹಾಗೆ ಕೇಳುತ್ತದೆ.

ನಾನು ಯುಗಾದಿಯ ದಿನ ಉಟ್ಟಿದ್ದ ಹಸಿರು ಅಂಚಿನ ಸೀರೆ ಹರಿದುಹೋಯಿತು. ಅದರ ತುಂಡಿನಲ್ಲೇ ಗಂಟು ಕಟ್ಟಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ನಿನ್ನ ಮರ್ಯಾದೆ ಉಳಿಯಲಿ. ಒಳಗೆ ಅವನ ಅಂಗಡಿಯ ಚೀಟಿ ಮಾತ್ರ ಇದೆ. ಸೋಮವಾರದ ಬಸ್ಸಿಗೆ ಕಳಿಸುತ್ತೇನೆ.

ಇವರು ಪಾತ್ರೆಗೆ ಕಲಾಯಿ ಹಾಕುವ ಸಾಮಾನು ಹೊತ್ತು ಹೊನ್ನಾಳಿ ಕಡೆಯ ಹಳ್ಳಿಗಳಿಗೆ ಹೋಗಿದ್ದಾರೆ. ರಂಜಾನ್ ತಿಂಗಳು ಹತ್ತಿರ ಬಂತು. ಹಬ್ಬಕ್ಕೆ ಈ ಸಲವಾದರೂ ಬಾ. ಬಾರದಿದ್ದರೆ ಶಾವಿಗೆಯೂ ಬಸ್ಸಿನಲ್ಲೇ ಬರುತ್ತದೆ.

ನಿನ್ನ
ರೋಶನಬಿ

*

ನ್ಯಾಮತಿ
14-5-1985, ಮಂಗಳವಾರ

ಮಂಗಳಾ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮೂರಿನ ಕೊಟ್ರಬಸಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವರು ಚನ್ನಗಿರಿ ಆಸ್ಪತ್ರೆಗೆ ಬರುತ್ತಾರೆ. ಯಾಕೆ ಎಂದು ಮುಂದೆ ಓದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೋ.

ಕರೀಮನನ್ನು ನಿನ್ನೆ ಸಂಜೆ ಪೊಲೀಸರು ಕರೆದುಕೊಂಡು ಹೋದರು.

ದೆಹಲಿಯ ಸುದ್ದಿ ನೀನು ಓದಿರುತ್ತೀಯ. ಬಸ್ಸುಗಳಲ್ಲಿ ಯಾರೋ ಟ್ರಾನ್ಸಿಸ್ಟರ್ ಬಿಟ್ಟು ಹೋಗಿದ್ದರಂತೆ, ಮುಟ್ಟಿದವರ ಕೈಯಲ್ಲೇ ಸಿಡಿದವಂತೆ, ಎಂಬತ್ತು ಜನ ಸತ್ತರು ಎನ್ನುತ್ತಾರೆ. ನಮಗೆ ಅದು ಗೊತ್ತಾಗಿದ್ದು ನಿನ್ನೆ ಮಧ್ಯಾಹ್ನ, ಗಂಟು ಕೊಟ್ಟು ಕಳಿಸಿದ ಮೇಲೆ. ಈ ಮಾತನ್ನು ಯಾರೂ ನಂಬುತ್ತಿಲ್ಲ.

ನಿನ್ನ ರೇಡಿಯೋವನ್ನು ನಾನೇ ಮರುಳಪ್ಪನ ಕೈಗೆ ಕೊಟ್ಟೆ. ಅವನು ಹಿಂದಿನ ಸೀಟಿನ ಕೆಳಗೆ ಇಟ್ಟ. ಹೊನ್ನಾಳಿಯಲ್ಲಿ ಅವನಿಗೆ ಜಗಳೂರಿನಿಂದ ಫೋನ್ ಬಂತಂತೆ, ತಂದೆಗೆ ಸೀರಿಯಸ್ ಎಂದು. ಅಲ್ಲೇ ಇಳಿದು ಊರಿನ ಕಡೆ ಹೋದ. ಹೊಸ ಕಂಡಕ್ಟರಿಗೆ ಗಂಟಿನ ವಿಷಯ ಹೇಳಲಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ? ಬಸ್ಸು ಚನ್ನಗಿರಿ ಸ್ಟ್ಯಾಂಡಿನೊಳಗೆ ತಿರುಗುವಾಗ ಯಾರದೋ ಮೂಟೆ ಒತ್ತಿ ಸ್ವಿಚ್ಚು ತಿರುಗಿತು. ಸೀಟಿನ ಕೆಳಗಿಂದ ಗೊರಗೊರ ಸದ್ದು. ಬಟ್ಟೆ ಸರಿಸಿದವನಿಗೆ ರೇಡಿಯೋ ಕಂಡಿತು. ಬಸ್ಸು ನಿಲ್ಲುವ ಮೊದಲೇ ಜನ ಧುಮುಕಿದರಂತೆ.

ಬಸ್ಸಿನಲ್ಲಿ ಕೊಟ್ರಬಸಪ್ಪನವರ ಹೆಂಡತಿ ಗಾದ್ರಮ್ಮನವರಿದ್ದರು. ಇಳಿಯುವಾಗ ಅವರಿಗೆ ಏನೂ ಆಗಲಿಲ್ಲ. ಪೊಲೀಸರು ಬಂದು, ಯಾರದಿದು ಎಂದು ಮೂರು ಸಲ ಕೂಗಿ ಕೇಳಿ, ಯಾರೂ ಮಾತಾಡದಿದ್ದಾಗ ಕೋಲಿನಿಂದ ಗಂಟನ್ನು ಎಳೆದರಂತೆ. ಆಗ ಜನ ಎರಡನೇ ಸಲ ಓಡಿದರು. ಆ ಓಟದಲ್ಲಿ ಗಾದ್ರಮ್ಮನವರು ಬಿದ್ದು ಕಾಲು ಮುರಿದುಕೊಂಡರು.

ಒಳಗೆ ಕರೀಮನ ಚೀಟಿ ಸಿಕ್ಕಿತು. ಬೇರೆ ಯಾರ ಹೆಸರೂ ಇರಲಿಲ್ಲ.

ಇವರು ನಿನ್ನ ಆರನೇ ತಾರೀಖಿನ ಕಾಗದವನ್ನು ಹೊನ್ನಾಳಿಗೆ ಒಯ್ದು ಸಬ್‌ಇನ್‌ಸ್ಪೆಕ್ಟರಿಗೆ ತೋರಿಸಿದರು. ಅವರು ಕೆಟ್ಟವರಲ್ಲ, ಎರಡು ಸಲ ಓದಿದರಂತೆ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಹೆಸರು, ವಿಳಾಸ ಬರೆಯಬೇಡ ಅಂತ ಐತಲ್ಲ, ಯಾಕೆ?" ಎಂದು ಕೇಳಿದರಂತೆ. ಉಪ್ಪಿನಕಾಯಿಯ ಕಥೆಯನ್ನು ಇವರು ಹೇಗೆ ಹೇಳಿಯಾರು? ಅದು ಕಾಗದದಲ್ಲೇ ಇದೆ, ಆದರೂ ಬರೆದವರು ಬಂದು ಹೇಳಬೇಕು ಎಂದರು. ಚನ್ನಗಿರಿಯಿಂದ ಒಬ್ಬ ಪೊಲೀಸನನ್ನು ನಿನ್ನ ಮನೆಗೆ ಕಳಿಸಿದ್ದರಂತೆ, ಬಾಗಿಲು ಹಾಕಿತ್ತಂತೆ. ರಜೆಯಲ್ಲವೇ, ಎಲ್ಲಿಗೋ ಹೋಗಿರುತ್ತೀಯ, ನಿನಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ನಾನೇ ಬರೋಣವೆಂದು ಮಧ್ಯಾಹ್ನ ಬಸ್ಸು ಹತ್ತಿದೆ. ನನ್ನ ಪಕ್ಕದಲ್ಲಿದ್ದವಳು ಮಗುವನ್ನೆತ್ತಿಕೊಂಡು ಎದ್ದು ಹೋದಳು. ನನ್ನ ಚೀಲವನ್ನು ಎಲ್ಲರೂ ನೋಡಿದರು. ಇಳಿದು ಬಂದೆ.

ಮನೆಗೆ ಬಂದರೆ ಕೊಟ್ರಬಸಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. "ಏನ್ ಬರಿಯಾದೈತೋ ಬರೀ ತಾಯಿ, ನಾನು ತಗೊಂಡು ಹೋಗಿ ಮುಟ್ಟಿಸ್ತೀನಿ" ಎಂದರು. ಕಾಲು ಮುರಿದುಕೊಂಡು ಬಿದ್ದಿರುವುದು ಅವರ ಹೆಂಡತಿ, ಮಂಗಳಾ.

ಎಲ್ಲಿದ್ದರೂ ಬಾ.

ರೋಶನಬಿ

*

ಚನ್ನಗಿರಿ
20-5-1985

ರೋಶನ್,

ಗುರುವಾರ ಹೇಳಿಕೆ ಕೊಟ್ಟ ಮೇಲೆ ಠಾಣೆಯ ಹೊರಗೆ ನಿನ್ನೊಡನೆ ಸರಿಯಾಗಿ ಮಾತಾಡಲಾಗಲಿಲ್ಲ. ಕರೀಮ್ ಹೊರಗೆ ಬಂದು ನನ್ನ ಕಾಲು ಮುಟ್ಟಲು ಬಗ್ಗಿದಾಗ ನಾನು ಹಿಂದೆ ಸರಿದೆ. ಅದನ್ನು ನೀನು ನೋಡಿದೆ. ತಪ್ಪು ತಿಳಿಯಬೇಡ, ಬಿಸಿಲಿಗೆ ತಲೆ ಸುತ್ತಿದಂತಾಗಿತ್ತು.

ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಬಿಚ್ಚಿ, ಬಿಡಿಬಿಡಿ ಮಾಡಿದ ಅಪ್ಪನ ರೇಡಿಯೋವನ್ನು ಪೊಲೀಸರು ನನ್ನ ಕೈಗೆ ಕೊಟ್ಟಾಗ ಸಹಿ ಹಾಕಿದೆನೇ ಹೊರತು ಇಟ್ಟುಕೊಳ್ಳಲಾಗಲಿಲ್ಲ. ಅದಕ್ಕೇ ಆ ಚೀಲವನ್ನು ನಿನ್ನ ಕೈಯಲ್ಲಿಟ್ಟು ಬಸ್ಸು ಹತ್ತಿದೆ. ಬಿಸಾಡಿದರೂ ನನಗೆ ಬೇಸರವಿಲ್ಲ.

ದಿನಾ ಆಸ್ಪತ್ರೆಗೆ ಹೋಗಿ ಗಾದ್ರಮ್ಮನವರ ಪಕ್ಕದಲ್ಲಿ ಕೂರುತ್ತೇನೆ. ಗಂಜಿ ಒಯ್ಯುತ್ತೇನೆ. ಅವರು ನನ್ನನ್ನು ಹರಸುತ್ತಾರೆ.

ಕವಿತೆ ಓದಲಾಗುತ್ತಿಲ್ಲ. ಪುಟ ತೆರೆದರೆ ಅಕ್ಷರಗಳು ಕಾಣುತ್ತವೆ, ಅಷ್ಟೇ. ಕರೀಮ್ ಹೇಗಿದ್ದಾನೆ?

ಸರ್ವಮಂಗಳಾ

*

ನ್ಯಾಮತಿ
9-6-1985

ಮಂಗಳಾ,

ಉಪವಾಸದ ತಿಂಗಳು, ಬರೆಯಲು ತಡವಾಯಿತು. ಬರೆಯಲು ಒಳ್ಳೆಯದೂ ಇರಲಿಲ್ಲ.

ಕರೀಮ್ ಅಂಗಡಿ ತೆಗೆದಿಲ್ಲ. ಬೀಗದ ಕೈಯನ್ನು ಗೂಟಕ್ಕೆ ನೇತುಹಾಕಿದ್ದಾನೆ. ಬೊಂಬಾಯಿಯಲ್ಲಿ ಯಾರದೋ ಹೋಟೆಲಿನಲ್ಲಿ ಕೆಲಸವಿದೆಯಂತೆ, ಹಬ್ಬ ಮುಗಿದ ಮೇಲೆ ಹೋಗುತ್ತಾನಂತೆ. ಕೈಯಲ್ಲಿ ಅಂಥ ವಿದ್ಯೆ ಇಟ್ಟುಕೊಂಡು ಲೋಟ ತೊಳೆಯುತ್ತಾನಂತೆ. ಅವನಪ್ಪ ಕೂತು ಅದೇ ಪಾತ್ರೆಯನ್ನು ಮತ್ತೆ ಮತ್ತೆ ಉಜ್ಜುತ್ತಾರೆ.

ಮೊನ್ನೆ ಗಾದ್ರಮ್ಮನವರನ್ನು ಎತ್ತಿನ ಗಾಡಿಯಲ್ಲಿ ಮನೆಗೆ ಕರೆತಂದರು. ಮರುದಿನವೇ ಕೊಟ್ರಬಸಪ್ಪನವರು ತಮ್ಮ ದೊಡ್ಡ ರೇಡಿಯೋವನ್ನು ರಿಪೇರಿಗೆಂದು ಹೆಗಲ ಮೇಲೆ ಹೊತ್ತು, ಸಂತೆಯ ಜನರ ನಡುವೆ ನಡೆದು ನಮ್ಮ ಮನೆಗೆ ಬಂದರು. ಬೇಕೆಂದೇ ಸಂತೆಯ ದಿನ ಬಂದರು ಎಂದು ನನಗೆ ಆಮೇಲೆ ಹೊಳೆಯಿತು.

"ಏನಲೇ ಕರೀಮಾ, ಅಂಗಡಿ ತೆಗಿತೀಯೋ, ನಾನೇ ಬೀಗ ಒಡೀಲೋ?"

"ಅಜ್ಜಾರೆ, ನನ್ನಿಂದ ನಿಮ್ಮನೆ ಅಮ್ಮನ ಕಾಲು ಮುರೀತು."

"ಕಾಲು ಮುರಿದಿದ್ದು ಅವಳು ಓಡಿದ್ದಕ್ಕಲೇ. ನಲವತ್ತು ವರ್ಷದಾಗೆ ನಾನು ಕರೆದ್ರೆ ಒಂದು ದಿನ ಹಂಗೆ ಓಡಿ ಬಂದವಳಲ್ಲ."

ಕರೀಮನ ಅಪ್ಪ ನಕ್ಕರು. ಮೂರ್ನಾಲ್ಕು ವಾರದ ಮೇಲೆ ಮೊದಲ ಸಲ. ಕರೀಮ್ ನಗಲಿಲ್ಲ. ಅಜ್ಜನಿಗೆ ಕೈ ಮುಗಿದು ರೇಡಿಯೋವನ್ನು ವಾಪಸ್ಸು ಕಳಿಸಿದ.

ಆಮೇಲೆ ನಾನು ಬೈದೆ. ಊರಿನವರೇ ಬಂದು ಕರೆದರೂ ಇಷ್ಟು ಸೊಕ್ಕೇ ಎಂದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೂರು ದಿನ ಬೆಂಚಿನ ಮೇಲೆ ಕೂಡ್ಸಿದ್ದಕ್ಕೆ ನನಗೆ ಸಿಟ್ಟಿಲ್ಲ ಅಮ್ಮಿ. ಅವರಿಗೆ ನಾನು ಯಾರೋ. ಆದ್ರೆ ನಾನು ರೇಡಿಯೋ ರಿಪೇರಿ ಮಾಡಿಕೊಟ್ಟ ಮನೆಯವರೆಲ್ಲ ಅವತ್ತು ತಮ್ಮ ತಮ್ಮ ರೇಡಿಯೋನ ಹಿತ್ತಲಿಗೆ ಇಟ್ಟು ಬಂದ್ರಂತೆ. ನನ್ನ ಮೇಲೆ ಅನುಮಾನ ಪಡದೆ ಇದ್ದೋರು ಒಬ್ರೇ, ಮಂಗಳಮ್ಮ. ಗೊತ್ತಾದ ಕೂಡ್ಲೇ ಬಂದ್ರು. ಅವರೊಬ್ಬರ ರೇಡಿಯೋ ಜೋಡಿಸಿಕೊಟ್ಟು ಹೋಗ್ತೀನಿ."

ಚೀಲದಲ್ಲಿದ್ದ ತುಂಡುಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿಕೊಂಡು ಒರೆಸುತ್ತಿದ್ದಾನೆ. ನೀನು ಒಂದು ಮಾತು ಬರೆದರೆ ಊರಲ್ಲಿ ನಿಂತಾನು. ನೀನು ಹೇಳಿದರೆ ಕೇಳುತ್ತಾನೆ.

ರೋಶನಬಿ

*

ಚನ್ನಗಿರಿ
14-6-1985

ರೋಶನ್,

ನಿನ್ನ ಕಾಗದ ಓದಿ ಎರಡು ದಿನವಾಯಿತು. ಅವನಿಗೆ ಬುದ್ಧಿಮಾತು ಬರೆಯಲು ನಾಲ್ಕು ಸಲ ಕೂತೆ. ಬರೆದದ್ದೆಲ್ಲ ಚೆನ್ನಾಗಿಯೇ ಇತ್ತು. ಹರಿದು ಹಾಕಿದೆ. ಈಗ ಇದನ್ನು ಬರೆಯುತ್ತಿದ್ದೇನೆ.

ಆ ಸೋಮವಾರ ನಾನು ಊರಲ್ಲೇ ಇದ್ದೆ. ಹನ್ನೊಂದಕ್ಕೆ, ಹೇಳಿದ್ದ ಹಾಗೆ, ಬಸ್ ಸ್ಟ್ಯಾಂಡಿನಲ್ಲೇ ಇದ್ದೆ.

ಹಿಂದಿನ ದಿನ ಪತ್ರಿಕೆಯಲ್ಲಿ ದೆಹಲಿಯ ಸುದ್ದಿ ಓದಿದ್ದೆ. ಮನೆಗೆ ಹಾಡು ತರುವ ಪೆಟ್ಟಿಗೆಯೊಳಗೆ ಸಾವನ್ನು ಇಡುವ ಕೈ ಎಂಥದ್ದು ಎಂದು ಯೋಚಿಸುತ್ತಿದ್ದೆ. ನಾಳೆಯೇ ನನ್ನ ರೇಡಿಯೋ ಬಸ್ಸಿನಲ್ಲಿ ಬರುತ್ತಿದೆ, ಕಳಿಸಬೇಡವೆಂದು ಹೇಳಬೇಕು ಎಂಬ ಸಣ್ಣ ಮಾತು ಹೊಳೆಯಲೇ ಇಲ್ಲ. ದೊಡ್ಡ ದುಃಖದಲ್ಲಿ ಮುಳುಗಿದ್ದೆ.

ಬಸ್ಸಿನಿಂದ ಜನ ಉದುರಿದರು. ತೆರೆದ ಬಾಗಿಲೊಳಗೆ, ಹಿಂದಿನ ಸೀಟಿನ ಕೆಳಗೆ ಆ ಗಂಟು ಕಂಡಿತು. ಹಸಿರು ಅಂಚು. ಯುಗಾದಿಯ ದಿನ ಅದೇ ಸೆರಗಿನಿಂದ ನೀನು ನನ್ನ ತಟ್ಟೆ ಒರೆಸಿ ಕೊಟ್ಟಿದ್ದೆ. ಪೊಲೀಸರು ಬಂದು ಯಾರದಿದು ಎಂದು ಕೇಳಿದರು. ಬಾಯಿ ತೆರೆದೆ. ನನ್ನದು ಎಂಬ ಒಂದು ಮಾತು ಸಾಕಿತ್ತು. ಆ ಕ್ಷಣ ನನ್ನ ತಲೆಯೊಳಗೆ ಬಂದದ್ದು ಕರೀಮನ ಮುಖವಲ್ಲ ರೋಶನ್, ಬರೀ ಅವನ ಹೆಸರು. ಗಂಟಿನೊಳಗೆ ಬಾಂಬು ಇದ್ದರೂ ಇದ್ದೀತು ಅನ್ನಿಸಿತು. ನ್ಯಾಮತಿಯಲ್ಲಿದ್ದಾಗ ನಾನೇ ಕೈ ಹಿಡಿದು ಅ ಆ ಬರೆಸಿದ ಹುಡುಗ. ದೆಹಲಿಯಲ್ಲಿ ಇಟ್ಟವರು ಯಾರೋ ಏನೋ, ಅವನಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ, ಅದನ್ನು ಬಲ್ಲಷ್ಟು ಓದಿದವಳು ನಾನು. ಎರಡನೇ ಸಲ ಕೇಳಿದರು. ಮೂರನೇ ಸಲ ಕೇಳಿದರು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತೆ.

ಆಮೇಲೆ ಕೋಲಿನಿಂದ ಎಳೆದರು, ಜನ ಓಡಿದರು, ಗಾದ್ರಮ್ಮನವರು ಬಿದ್ದರು. ನಾನು ಮಾತಾಡಿದ್ದರೆ ಆ ಎರಡನೇ ಓಟವೇ ಇರುತ್ತಿರಲಿಲ್ಲ.

ಮನೆಗೆ ಬಂದು ಒಳಗಿನಿಂದ ಅಗುಳಿ ಹಾಕಿಕೊಂಡೆ. ಅದು ನನ್ನದಲ್ಲ, ಯಾರದೋ ಬೇರೆ ಗಂಟು ಎಂದು ಹೇಳಿಕೊಂಡೆ. ಮಂಗಳವಾರ ಪೊಲೀಸರು ಬಾಗಿಲು ಬಡಿದಾಗ ಒಳಗೇ ಇದ್ದೆ. ಬುಧವಾರ ಕೊಟ್ರಬಸಪ್ಪನವರು "ಮಂಗಳಾ, ಒಳಗಿದ್ರೆ ಬಾಗಿಲು ತೆಗಿಯವ್ವ" ಎಂದಾಗಲೂ ಒಳಗೇ ಇದ್ದೆ. ಅವರು ನಿನ್ನ ಕಾಗದವನ್ನು ಬಾಗಿಲ ಸಂದಿಯಿಂದ ತೂರಿಸಿ ಹೋದರು. ನಿನ್ನ ಪಕ್ಕದಿಂದ ಒಬ್ಬಳು ಮಗುವನ್ನೆತ್ತಿಕೊಂಡು ಎದ್ದು ಹೋದಳು ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ಆ ಹೆಂಗಸು ನಾನೇ ಎಂದು ಗೊತ್ತಾಯಿತು. ಬೆಳಗಾಗುತ್ತಲೇ ಹೊರಟೆ. ಠಾಣೆಯಲ್ಲಿ, ಊರಲ್ಲಿರಲಿಲ್ಲ, ಈಗ ತಿಳಿಯಿತು ಎಂದು ಸುಳ್ಳು ಹೇಳಿದೆ. ಕರೀಮ್ ಕಾಲಿಗೆ ಬಗ್ಗಿದಾಗ ಹಿಂದೆ ಸರಿದದ್ದು ಬಿಸಿಲಿಗಲ್ಲ.

ಇದನ್ನು ಅವನಿಗೆ ಹೇಳು. ಅವನು ಊರು ಬಿಟ್ಟು ಹೋದರೆ ಅದಕ್ಕೆ ನಾನೇ ಕಾರಣ. ಆದರೆ ನನ್ನ ಸುಳ್ಳನ್ನು ನಂಬಿಕೊಂಡು ಉಳಿಯುವುದಾದರೆ, ಅದು ಇನ್ನೂ ಕೆಟ್ಟದ್ದು.

ಸರ್ವಮಂಗಳಾ

*

ನ್ಯಾಮತಿ
2-7-1985

ಮಂಗಳಾ,

ನಿನ್ನ ಕಾಗದವನ್ನು ಒಂದು ವಾರ ಅಕ್ಕಿ ಡಬ್ಬಿಯೊಳಗೆ ಇಟ್ಟೆ. ದಿನಾ ಅಕ್ಕಿ ತೆಗೆಯುವಾಗ ಕೈಗೆ ತಗುಲುತ್ತಿತ್ತು. ಹಬ್ಬ ಬಂತು, ಹೋಯಿತು. ಈ ಸಲ ನಿನಗೆ ಶಾವಿಗೆ ಕಳಿಸಲಿಲ್ಲ. ಮರೆತದ್ದಲ್ಲ.

ಹಬ್ಬ ಕಳೆದು ಮೂರು ದಿನಕ್ಕೆ ಕರೀಮನಿಗೆ ಓದಿ ಹೇಳಿದೆ. ಅವನಪ್ಪನೂ ಇದ್ದರು, ಕೊಟ್ರಬಸಪ್ಪನವರೂ ಇದ್ದರು. ಅವರನ್ನು ಎಬ್ಬಿಸಿ ಕಳಿಸೋಣವೆಂದರೆ ಇವರು, "ಇರಲಿ, ಅವರ ಮನೆಯ ಕಾಲೂ ಅದರೊಳಗೆ ಐತೆ" ಎಂದರು.

ಓದಿ ಮುಗಿಸಿ ಕಾಗದ ಮಡಿಸಿದೆ. ಕೊಟ್ರಬಸಪ್ಪನವರು, "ನನಗೆ ಅವತ್ತೇ ಗೊತ್ತಿತ್ತು. ಚಪ್ಪಲಿ ಬಾಗಿಲ ಹೊರಗೇ ಇದ್ವು" ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೆದರಿಕೊಂಡು ಕೂತೋಳಿಗೆ ಹೊರಗೆ ಬರಾಕೆ ಒಂದು ದಿನ ಬೇಕಾಗ್ತೈತೆ. ಬಂದ್ಲಲ್ಲ" ಎಂದರು.

ಕರೀಮ್ ಕೇಳಿದ್ದು ಒಂದೇ. "ಎಷ್ಟು ಹೆಜ್ಜೆ ಹಿಂದೆ ಹೋದ್ರಂತೆ?"

ನಾಲ್ಕು ಎಂದೆ.

"ನಾಲ್ಕೇ? ನಮ್ಮ ಚಿಕ್ಕಪ್ಪ ಅವತ್ತು ನಮ್ಮ ಬೀದಿ ಬಿಟ್ಟು ಹೊನ್ನಾಳಿ ಮುಟ್ಟಿದ್ರು."

ನಗಲಿಲ್ಲ, ಅಳಲೂ ಇಲ್ಲ. ಎದ್ದು ಹಿತ್ತಲಿಗೆ ಹೋದ. ಎರಡು ದಿನ ಆ ತುಂಡುಗಳನ್ನು ಮುಟ್ಟಲಿಲ್ಲ. ಮೂರನೆಯ ದಿನ ಗೂಟದ ಮೇಲೆ ಬೀಗದ ಕೈ ಇರಲಿಲ್ಲ. ಹೋಗಿ ನೋಡಿದರೆ ಅಂಗಡಿ ಅರ್ಧ ತೆರೆದು ನಿನ್ನ ರೇಡಿಯೋ ಜೋಡಿಸುತ್ತಿದ್ದ. ಬೊಂಬಾಯಿ ವಿಷಯ ಕೇಳಿದರೆ, ಇದೊಂದು ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾನೆ. ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ತಿಳಿ.

ಅವನು ಹೇಳಿಕಳಿಸಿದ್ದು ಇದು. ಎಂಟನೇ ತಾರೀಖು, ಸೋಮವಾರ, ಅದೇ ಬಸ್ಸಿನಲ್ಲಿ ರೇಡಿಯೋ ಬರುತ್ತದೆ. ನೀನು ನ್ಯಾಮತಿಗೆ ಬಂದು ತೆಗೆದುಕೊಂಡು ಹೋಗುವುದು ಬೇಡ. ಕ್ಷಮೆ ಕೇಳುವುದೂ ಬೇಡ. ಅಲ್ಲೇ ಬಂದು, ಅಷ್ಟೂ ಜನರ ಮುಂದೆ ಕೈ ಚಾಚಿ ತೆಗೆದುಕೋ.

ಹಸಿರು ಸೀರೆಯ ಇನ್ನೊಂದು ತುಂಡು ಉಳಿದಿತ್ತು, ಅದರಲ್ಲೇ ಕಟ್ಟುತ್ತೇನೆ. ಈ ಸಲ ನಿನ್ನ ಹೆಸರನ್ನು ಕರೀಮನೇ ಬಣ್ಣದಲ್ಲಿ ದಪ್ಪಗೆ ಬರೆಯುತ್ತಾನೆ. ಮರುಳಪ್ಪ ತಂದೆಯ ಕಾರ್ಯ ಮುಗಿಸಿ ಜಗಳೂರಿನಿಂದ ಬಂದಿದ್ದಾನೆ. ಗಟ್ಟಿಯಾಗಿ ಕೂಗಲು ಹೇಳಿದ್ದೇವೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ನಾನು ಬರೆಯಲಾರೆ. ಅದು ಇನ್ನೂ ಬಂದಿಲ್ಲ. ಬಂದಾಗ ತಿಳಿಸುತ್ತೇನೆ.

ರೋಶನಬಿ

*

ಚನ್ನಗಿರಿ
8-7-1985

ರೋಶನ್,

ಹತ್ತು ಗಂಟೆಗೇ ಹೋಗಿ ನಿಂತಿದ್ದೆ. ಕಬ್ಬಿನ ಹಾಲಿನ ಗಾಡಿ ಅಲ್ಲೇ ಇತ್ತು.

ಬಸ್ಸು ನಿಂತಿತು. ಮರುಳಪ್ಪ ಫುಟ್‌ಬೋರ್ಡಿನ ಮೇಲೆ ನಿಂತು ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು, "ಸರ್ವಮಂಗಳಮ್ಮಾ, ನಿಮ್ಮ ರೇಡಿಯೋ ಬಂದೈತ್ರೀ, ನ್ಯಾಮತಿ ಕರೀಮ್ ಸಾಬರ ಅಂಗಡಿಯಿಂದ" ಎಂದು ಕೂಗಿದ. ಸ್ಟ್ಯಾಂಡಿನ ಜನ ಇತ್ತ ತಿರುಗಿದರು. ಬಾಳೆಹಣ್ಣಿನವಳು ಬುಟ್ಟಿ ಎಳೆದುಕೊಂಡು ದೂರ ಸರಿದಳು. ನನ್ನ ವಿದ್ಯಾರ್ಥಿಗಳು ಇಬ್ಬರು ಗೋಡೆಯ ಪಕ್ಕ ನಿಂತು ನೋಡುತ್ತಿದ್ದರು.

"ನನ್ನದು" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ಅಲ್ಲಿಂದ ಬಸ್ಸಿನವರೆಗೆ ಹನ್ನೆರಡು ಹೆಜ್ಜೆ ನಡೆದೆ. ಗಂಟನ್ನು ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತು ಬಿಚ್ಚಿದೆ. ಗುಂಡಿ ತಿರುಗಿಸುವಾಗ ನನಗೆ ಭಯವಾಯಿತು, ರೋಶನ್. ಈ ಸಲ ಮುಚ್ಚಿಡುವುದಿಲ್ಲ, ಆಗಲೂ ಭಯವಾಯಿತು. ತಿರುಗಿಸಿದೆ.

ಮೊದಲು ಗೊರಗೊರ. ಆಮೇಲೆ ಯಾರೋ ಹೆಂಗಸು ಮಳೆಯ ವರದಿ ಓದತೊಡಗಿದಳು. ಬಾಳೆಹಣ್ಣಿನವಳು ಬುಟ್ಟಿ ಅಲ್ಲೇ ಬಿಟ್ಟು ಹತ್ತಿರ ಬಂದು, "ನಮ್ ಕಡೆ ಯಾವಾಗಂತ್ರೀ ಮಳೆ?" ಎಂದು ಕೇಳಿದಳು. ಹುಡುಗರು ಬಗ್ಗಿ ಗಂಟಿನ ಮೇಲಿನ ನನ್ನ ಹೆಸರನ್ನು ಓದಿದರು.

ದನಿ ಸ್ಪಷ್ಟವಾಗಿದೆ. ಆದರೆ ಭದ್ರಾವತಿಯ ಕಡೆ ಮುಳ್ಳು ತಿರುಗಿಸಿದರೆ ದಾರ ಸ್ವಲ್ಪ ಜಾರುತ್ತದೆ. ಕರೀಮನಿಗೆ ತಿಳಿಸು, ನಾಳೆಯ ಬಸ್ಸಿಗೆ ವಾಪಸ್ಸು ಕಳಿಸುತ್ತಿದ್ದೇನೆ. ಕಳಿಸಿದವರು ಯಾರು, ತಲುಪಬೇಕಾದವರು ಯಾರು, ಎರಡೂ ಹೆಸರನ್ನು ದಪ್ಪಗೆ ಬರೆದಿದ್ದೇನೆ. ಎರಡನೆಯದಕ್ಕೆ ಅವನ ಅಂಗಡಿಯ ವಿಳಾಸವನ್ನೇ ಹಾಕಿದ್ದೇನೆ. ಅಲ್ಲಿ ಅವನು ಇರುತ್ತಾನೆ ಎಂದುಕೊಂಡು.

ಸರ್ವಮಂಗಳಾ